ಎರಡು ಹಂತದ ರಾಕೆಟ್‌ಗೆ ಒಂದು ಅವಧಿ ಸಾಲದು

ವಿಜ್ಞಾನ ವಿಷಯದ ಬೋಧನಾಭ್ಯಾಸ ಶುರುವಾಯಿತೆಂದರೆ 9ನೇ ತರಗತಿಯ ‘ಬಲ ಮತ್ತು ಚಲನೆಯ ನಿಯಮಗಳು’ ಅಧ್ಯಾಯಕ್ಕೆ ಪ್ರಶಿಕ್ಷಣಾರ್ಥಿಗಳಿಂದ ಬೇಡಿಕೆ ಹೆಚ್ಚು. ಕಾರಣ ಸರಳ. ನ್ಯೂಟನ್ನನ ಮೂರನೆಯ ನಿಯಮಕ್ಕೆ ರಾಕೆಟ್ಟಿನ ಉದಾಹರಣೆ ಸಿದ್ಧವಾಗಿದೆ. ಬಲೂನು ಅಗ್ಗ. ಅದು ದಾರದ ಮೇಲೆ ಸರ್ರನೆ ಓಡಿದರೆ ಮಕ್ಕಳು ಚಪ್ಪಾಳೆ ತಟ್ಟುತ್ತಾರೆ, ಹಿಂದೆ ಕುಳಿತ ವೀಕ್ಷಕರು ‘ಬೋಧನೋಪಕರಣಗಳ ಬಳಕೆ’ ಎಂಬ ಅಂಕಣದಲ್ಲಿ ಒಳ್ಳೆಯ ಅಂಕ ಬರೆಯುತ್ತಾರೆ. ಆಮೇಲೆ ಥರ್ಮೋಕೋಲಿನ ಪಿಎಸ್‌ಎಲ್‌ವಿ ಮಾದರಿ ಮೇಜಿನ ಮೇಲೆ ಬರುತ್ತದೆ. ‘ಇದು ಮೊದಲನೆಯ ಹಂತ, ಇದು ಎರಡನೆಯದು, ಇದು ಮೂರನೆಯದು, ಇದು ನಾಲ್ಕನೆಯದು’ ಎಂದು ಹೇಳಿ ಮುಗಿಸುವಷ್ಟರಲ್ಲಿ ಗಂಟೆ ಹೊಡೆಯುತ್ತದೆ.

ಈ ಪಾಠದಲ್ಲಿ ತಪ್ಪು ಮಾಹಿತಿ ಏನೂ ಇಲ್ಲ. ಆದರೆ ಓಡಿದ ಬಲೂನಿಗೂ ಮೇಜಿನ ಮೇಲಿನ ಮಾದರಿಗೂ ನಡುವೆ ಒಂದು ದೊಡ್ಡ ಕಂದಕ ಉಳಿದುಹೋಗಿದೆ. ಒಂದು ಬಲೂನು ಓಡಬಲ್ಲದಾದರೆ ರಾಕೆಟ್ಟಿಗೆ ನಾಲ್ಕು ಹಂತ ಯಾಕೆ? ಒಂದೇ ದೊಡ್ಡ ರಾಕೆಟ್ ಮಾಡಿದರೆ ಆಗದೆ? ಮಕ್ಕಳು ಈ ಪ್ರಶ್ನೆ ಕೇಳಲಿಲ್ಲ, ಪ್ರಶಿಕ್ಷಣಾರ್ಥಿಯೂ ಕೇಳಿಸಲಿಲ್ಲ. ಹಂತಗಳ ಹೆಸರು ಬಂತು, ಹಂತದ ವಿಚಾರ ಬರಲಿಲ್ಲ.

ಎರಡು ಹಂತದ ಮಾದರಿ ರಾಕೆಟ್ ನಮ್ಮ ಬೋಧನಾಭ್ಯಾಸದಲ್ಲಿ ಇರಲೇಬೇಕು ಎಂಬುದು ನನ್ನ ಅಭಿಪ್ರಾಯ. ಆದರೆ ಅದು ನಲವತ್ತು ನಿಮಿಷದ ಪ್ರದರ್ಶನವಾಗಿ ಬೇಡ, ಮಕ್ಕಳ ಕೈಯಲ್ಲಿ ನಡೆಯುವ ನಾಲ್ಕು ಅವಧಿಗಳ ಕೆಲಸವಾಗಿ ಬರಲಿ. ಅದಕ್ಕೆ ತಕ್ಕಂತೆ ನಮ್ಮ ವೀಕ್ಷಣಾ ನಮೂನೆಯೂ ಬದಲಾಗಲಿ.

ಹಂತ ಯಾಕೆ ಬೇಕು?

ಮೊದಲು ಪ್ರಶಿಕ್ಷಣಾರ್ಥಿಗೆ ಈ ವಿಷಯ ಖಚಿತವಾಗಬೇಕು. ‘ಒಂದು ಹಂತದ ಇಂಧನ ಮುಗಿದ ಮೇಲೆ ಇನ್ನೊಂದು ಶುರುವಾಗುತ್ತದೆ’ ಎಂದರೆ ಉತ್ತರ ಪೂರ್ತಿ ಆಗಲಿಲ್ಲ. ಹಾಗಾದರೆ ಎಲ್ಲ ಇಂಧನವನ್ನೂ ಒಂದೇ ಟ್ಯಾಂಕಿನಲ್ಲಿ ತುಂಬಬಹುದಿತ್ತಲ್ಲ?

ಒಂದು ಲೆಕ್ಕ ನೋಡೋಣ. ರಾಕೆಟ್ಟಿನ ಒಟ್ಟು ತೂಕ 100 ಕೆ.ಜಿ. ಇರಲಿ. ಅದರಲ್ಲಿ ಮೇಲಕ್ಕೆ ಒಯ್ಯಬೇಕಾದ ಉಪಗ್ರಹ 1 ಕೆ.ಜಿ., ಇಂಧನ (ಅದನ್ನು ಉರಿಸುವ ಉತ್ಕರ್ಷಕವೂ ಸೇರಿ) 89.1 ಕೆ.ಜಿ., ಟ್ಯಾಂಕು, ಎಂಜಿನ್ನು, ಕವಚ ಎಲ್ಲ ಸೇರಿ 9.9 ಕೆ.ಜಿ. ಅನಿಲ ಹೊರಚಿಮ್ಮುವ ವೇಗ ಸೆಕೆಂಡಿಗೆ 3 ಕಿ.ಮೀ. ಎಂದುಕೊಳ್ಳೋಣ. ರಷ್ಯಾದ ಸಿಯೋಲ್ಕೋವ್‌ಸ್ಕಿ 1903ರಲ್ಲಿ ಪ್ರಕಟಿಸಿದ ಸಮೀಕರಣದ ಪ್ರಕಾರ ರಾಕೆಟ್ ಗಳಿಸುವ ವೇಗ ಬೇಕಿದ್ದರೆ, ಅನಿಲದ ವೇಗವನ್ನು ‘ಆರಂಭದ ತೂಕ ಭಾಗಿಸು ಕೊನೆಯ ತೂಕ’ ಎಂಬ ಅನುಪಾತದ ಸ್ವಾಭಾವಿಕ ಲಾಗರಿತಮ್‌ನಿಂದ ಗುಣಿಸಬೇಕು. ಆರಂಭದ ತೂಕ 100, ಕೊನೆಯದು 10.9. ಅನುಪಾತ ಸುಮಾರು 9.17. ಬರುವ ವೇಗ ಸೆಕೆಂಡಿಗೆ ಸುಮಾರು 6.65 ಕಿ.ಮೀ. ಭೂಮಿಗೆ ಹತ್ತಿರದ ಕಕ್ಷೆಯಲ್ಲಿ ಸುತ್ತುವುದಕ್ಕೇ ಸೆಕೆಂಡಿಗೆ ಸುಮಾರು 7.8 ಕಿ.ಮೀ. ಬೇಕು. ಗುರುತ್ವಕ್ಕೂ ಗಾಳಿಯ ತಡೆಗೂ ಕಳೆದುಹೋಗುವುದು ಬೇರೆ. ಈ ರಾಕೆಟ್ ಕಕ್ಷೆಗೆ ಮುಟ್ಟುವುದಿಲ್ಲ.

ಈಗ ಅದೇ ಸಾಮಾನನ್ನು ಎರಡು ಹಂತ ಮಾಡೋಣ. ಕೆಳಗಿನ ಹಂತ 90 ಕೆ.ಜಿ.: ಅದರಲ್ಲಿ ಇಂಧನ 81, ಕವಚ 9. ಮೇಲಿನ ಹಂತ 9 ಕೆ.ಜಿ.: ಇಂಧನ 8.1, ಕವಚ 0.9. ಉಪಗ್ರಹ ಅದೇ 1 ಕೆ.ಜಿ. ಕೆಳಗಿನ ಹಂತ ಉರಿದು ಮುಗಿದಾಗ ತೂಕ 100ರಿಂದ 19ಕ್ಕೆ ಇಳಿದಿರುತ್ತದೆ. ವೇಗ ಸುಮಾರು 4.98 ಕಿ.ಮೀ. ಆಗ ಖಾಲಿ ಕವಚದ 9 ಕೆ.ಜಿ. ಕಳಚಿ ಬೀಳುತ್ತದೆ. ಮೇಲಿನ ಹಂತ 10 ಕೆ.ಜಿ.ಯಿಂದ ಶುರುವಾಗಿ 1.9 ಕೆ.ಜಿ.ಗೆ ಬರುತ್ತದೆ. ಮತ್ತೆ 4.98 ಕಿ.ಮೀ. ಸೇರುತ್ತದೆ. ಒಟ್ಟು ಸೆಕೆಂಡಿಗೆ 9.96 ಕಿ.ಮೀ.

ಇಂಧನ ಅಷ್ಟೇ, ಕವಚ ಅಷ್ಟೇ, ಉಪಗ್ರಹವೂ ಅಷ್ಟೇ. ಖಾಲಿಯಾದುದನ್ನು ನಡುದಾರಿಯಲ್ಲಿ ಬಿಟ್ಟುದಷ್ಟೇ ವ್ಯತ್ಯಾಸ. ಈ ಒಂದು ಮಾತು ಪ್ರಶಿಕ್ಷಣಾರ್ಥಿಯ ತಲೆಯಲ್ಲಿ ಸ್ಪಷ್ಟವಾಗಿ ಕೂತರೆ ಪಾಠದ ಅರ್ಧ ಕೆಲಸ ಆದಂತೆ.

ಲಾಗರಿತಮ್ 9ನೇ ತರಗತಿಯ ಮಕ್ಕಳಿಗೆ ಬೇಡ. ಅವರಿಗೆ ಉದಾಹರಣೆ ಬೇಕು, ಆದರೆ ಉದಾಹರಣೆಯ ಆಯ್ಕೆಯಲ್ಲಿ ಎಚ್ಚರ ಬೇಕು. ನಮ್ಮ ಊರಿನಲ್ಲಿ ಥಟ್ಟನೆ ಹೊಳೆಯುವ ಉದಾಹರಣೆ ಯಾತ್ರಿಕರದು: ಗಾಣಗಾಪುರ ರೋಡ್ ಸ್ಟೇಷನ್ನಿನಲ್ಲಿ ರೈಲು ಇಳಿದು ಟಂಟಂ ಹತ್ತಿ ಕ್ಷೇತ್ರಕ್ಕೆ ಬಂದ ಹಾಗೆ. ಕೇಳಲು ಚೆಂದ, ಆದರೆ ಮುಖ್ಯ ಅಂಶವೇ ಅದರಲ್ಲಿ ಇಲ್ಲ. ರೈಲು ಟಂಟಮನ್ನು ಹೊತ್ತು ತರುವುದಿಲ್ಲ. ರಾಕೆಟ್ಟಿನಲ್ಲಿ ಕೆಳಗಿನ ಹಂತ ಮೇಲಿನದನ್ನು, ಅದರ ಇಂಧನದ ಸಮೇತ, ಹೊತ್ತೇ ಏರುತ್ತದೆ. ಇದಕ್ಕಿಂತ ಅಫಜಲಪುರದ ರಸ್ತೆಯ ಮೇಲೆ ಕಾಣುವ ಎರಡು ಟ್ರಾಲಿಯ ಕಬ್ಬಿನ ಟ್ರ್ಯಾಕ್ಟರ್ ವಾಸಿ. ಹಿಂದಿನ ಟ್ರಾಲಿ ಖಾಲಿಯಾದ ಮೇಲೆ ಇನ್ನೂ ಐವತ್ತು ಕಿಲೋಮೀಟರು ಏರು ದಾರಿ ಇದ್ದರೆ ಅದನ್ನು ಎಳೆದುಕೊಂಡು ಹೋಗುತ್ತೀರೋ, ಕೊಂಡಿ ಕಳಚಿ ಬಿಡುತ್ತೀರೋ ಎಂದು ಕೇಳಿದರೆ ರೈತರ ಮಕ್ಕಳು ತಕ್ಷಣ ಉತ್ತರಿಸುತ್ತಾರೆ. ಟ್ರಾಲಿಗೆ ಎಂಜಿನ್ ಇಲ್ಲ ಎಂಬ ಕೊರತೆ ಈ ಉದಾಹರಣೆಗೂ ಉಂಟು. ಅದನ್ನೂ ಮಕ್ಕಳ ಬಾಯಿಂದಲೇ ಹೇಳಿಸಬಹುದು. ಉದಾಹರಣೆ ಎಲ್ಲಿಯವರೆಗೆ ಸರಿ, ಎಲ್ಲಿಂದ ಮುಂದೆ ಸರಿಯಲ್ಲ ಎಂದು ಹೇಳಲು ಬಂದರೆ ಮಗುವಿಗೆ ವಿಷಯ ತಿಳಿದಿದೆ ಎಂದರ್ಥ.

ನಾಲ್ಕು ಅವಧಿಗಳ ಕೆಲಸ

ಬೇಕಾದ ಸಾಮಾನು ಕಡಿಮೆ. ಜಾತ್ರೆಯಲ್ಲಿ ಸಿಗುವ ಉದ್ದನೆಯ ಬಲೂನುಗಳು, ಮೀನುಗಾರರು ಬಳಸುವ ನುಣುಪಾದ ನೈಲಾನ್ ದಾರ, ಚಹಾದ ಕಾಗದದ ಕಪ್ಪು, ಅಂಟುಟೇಪು, ಬಟ್ಟೆ ಒಣಹಾಕುವ ಕ್ಲಿಪ್ಪು, ಸೈಕಲ್ ಪಂಪು, ಅಳತೆಪಟ್ಟಿ. ಪ್ಲಾಸ್ಟಿಕ್ ಸ್ಟ್ರಾ ಬೇಡ, 2022ರ ಜುಲೈ 1ರಿಂದ ಅದಕ್ಕೆ ನಿಷೇಧವಿದೆ. ಕಾಗದದ ಸ್ಟ್ರಾ ಅಥವಾ ಹಳೆಯ ಪೆನ್ನಿನ ಖಾಲಿ ಕೊಳವೆ ಸಾಕು. ಒಬ್ಬರು ಬಾಯಿ ಹಚ್ಚಿದ ಬಲೂನನ್ನು ಇನ್ನೊಬ್ಬರು ಊದಬಾರದು, ಪಂಪು ಬೇಕಾಗುವುದು ಅದಕ್ಕೇ. ತರಗತಿಯ ಕೋಣೆ ಚಿಕ್ಕದಾದರೆ ವರಾಂಡದ ಒಂದು ಕಂಬದಿಂದ ಇನ್ನೊಂದಕ್ಕೆ ದಾರ ಬಿಗಿಯಬಹುದು.

ಮೊದಲ ಅವಧಿ ಒಂದೇ ಬಲೂನಿನದು. ಒಂದೇ ಗಾತ್ರಕ್ಕೆ ಊದಿ, ಒಂದೇ ಜಾಗದಿಂದ ಐದು ಸಲ ಬಿಟ್ಟು, ಐದು ದೂರಗಳನ್ನೂ ಬರೆಯಬೇಕು. ಗಾತ್ರ ಒಂದೇ ಇದೆಯೋ ಎಂದು ನೋಡಲು ಬಲೂನಿನ ಸುತ್ತ ದಾರ ಸುತ್ತಿ ಅಳೆದರೆ ಆಯಿತು. ಐದು ಅಳತೆಗಳು ಒಂದೇ ಬರುವುದಿಲ್ಲ. ಯಾಕೆ ಬರಲಿಲ್ಲ ಎಂಬ ಚರ್ಚೆಯೇ ಆ ದಿನದ ಪಾಠ. ಬಲೂನಿನ ಗಾಳಿ ಹಿಂದಿನ ಗೋಡೆಯನ್ನು ತಳ್ಳುವುದರಿಂದ ಅದು ಮುಂದೆ ಹೋಗುತ್ತದೆ ಎಂಬ ತಪ್ಪು ತಿಳಿವಳಿಕೆ ಎಷ್ಟು ಮಕ್ಕಳಲ್ಲಿದೆ ಎಂದು ಅಂದೇ ಕೇಳಿ ನೋಡಬೇಕು. ಈ ತಿಳಿವಳಿಕೆ ಹಾಗೇ ಉಳಿದರೆ ಗಾಳಿಯೇ ಇಲ್ಲದ ಕಡೆ ರಾಕೆಟ್ ಹೇಗೆ ಹೋಗುತ್ತದೆ ಎಂಬುದು ಮಗುವಿಗೆ ಎಂದಿಗೂ ಅರ್ಥವಾಗದು.

ಎರಡನೆಯ ಅವಧಿ ತೂಕದ್ದು. ಅದೇ ಬಲೂನಿಗೆ ಒಂದು ನಾಣ್ಯ, ಎರಡು ನಾಣ್ಯ, ಮೂರು ನಾಣ್ಯ ಅಂಟಿಸಿ ಬಿಟ್ಟು ದೂರ ಅಳೆಯಬೇಕು. ತೂಕ ಹೆಚ್ಚಿದಂತೆ ಓಟಕ್ಕೆ ಏನಾಗುತ್ತದೆ ಎಂಬುದು ಮಕ್ಕಳದೇ ಕೋಷ್ಟಕದಲ್ಲಿ ಕಾಣಿಸುತ್ತದೆ. ಉಪಯೋಗಕ್ಕೆ ಬಾರದ ತೂಕ ಹೊರುವುದು ಎಷ್ಟು ದುಬಾರಿ ಎಂಬ ಅರಿವು ಇಲ್ಲಿ ಹುಟ್ಟಬೇಕು. ಅದು ಹುಟ್ಟದೆ ಮೂರನೆಯ ಅವಧಿಗೆ ಹೋಗಬಾರದು.

ಮೂರನೆಯ ಅವಧಿಯಲ್ಲಿ ಎರಡು ಹಂತ. ಕಾಗದದ ಕಪ್ಪಿನ ತಳ ಕತ್ತರಿಸಿ ಎರಡು ಬೆರಳು ಅಗಲದ ಬಳೆ ಮಾಡಿಕೊಳ್ಳಬೇಕು. ಮುಂದಿನ ಬಲೂನನ್ನು ಮುಕ್ಕಾಲು ಭಾಗ ಊದಿ, ಅದರ ಬಾಯನ್ನು ಬಳೆಯೊಳಗಿಂದ ಹಿಂದಕ್ಕೆ ಎಳೆದು, ತಿರುಚಿ ಕ್ಲಿಪ್ಪು ಹಾಕಬೇಕು. ಹಿಂದಿನ ಬಲೂನಿನ ಮೂತಿಯನ್ನು ಅದೇ ಬಳೆಯೊಳಗೆ ಸ್ವಲ್ಪ ತೂರಿಸಿ ಊದಬೇಕು. ಅದು ಉಬ್ಬಿದಂತೆ ಮುಂದಿನ ಬಲೂನಿನ ಬಾಯನ್ನು ಬಳೆಗೆ ಒತ್ತಿ ಹಿಡಿಯುತ್ತದೆ. ಆಗ ಕ್ಲಿಪ್ಪು ತೆಗೆದರೂ ಗಾಳಿ ಹೋಗುವುದಿಲ್ಲ. ಎರಡೂ ಬಲೂನುಗಳನ್ನು ದಾರದ ಮೇಲಿನ ಬೇರೆ ಬೇರೆ ಕೊಳವೆಗಳಿಗೆ ಅಂಟಿಸಿ ಹಿಂದಿನದರ ಬಾಯಿ ಬಿಟ್ಟರೆ ಅದು ಮುಂದಿನದನ್ನು ತಳ್ಳಿಕೊಂಡು ಓಡುತ್ತದೆ. ಅದರ ಗಾಳಿ ಮುಗಿದು ಸೊರಗಿದಾಗ ಹಿಡಿತ ಸಡಿಲವಾಗಿ ಮುಂದಿನ ಬಲೂನು ತಾನಾಗಿ ಬಿಡಿಸಿಕೊಂಡು ಹೊರಡುತ್ತದೆ. ಯಾರೂ ಗುಂಡಿ ಒತ್ತಲಿಲ್ಲ, ಯಾರೂ ಹೇಳಲಿಲ್ಲ. ಮೊದಲಿನದು ಮುಗಿದದ್ದೇ ಎರಡನೆಯದಕ್ಕೆ ಸೂಚನೆ. ‘ಸರ್, ಮುಂದಿನ ಪುಗ್ಗಾ ಮೊದಲ ಬಿಟ್ರ ಏನಾಗ್ತದ್ರಿ?’ ಎಂಬ ಪ್ರಶ್ನೆ ಬಂದರೆ ಉತ್ತರ ಹೇಳಬೇಡಿ, ಬಿಟ್ಟು ನೋಡಲು ಹೇಳಿ.

ನಾಲ್ಕನೆಯ ಅವಧಿ ಹೋಲಿಕೆಯದು. ಅದೇ ಗಾತ್ರದ ಎರಡು ಬಲೂನುಗಳನ್ನು ಜೊತೆಯಾಗಿ ಕಟ್ಟಿ ಒಟ್ಟಿಗೆ ಬಿಟ್ಟರೆ ಎಷ್ಟು ದೂರ? ಒಂದರ ಹಿಂದೊಂದು ಬಿಟ್ಟರೆ ಎಷ್ಟು ದೂರ? ಇಲ್ಲಿ ಫಲಿತಾಂಶವನ್ನು ಮೊದಲೇ ನಿರ್ಧರಿಸಿ ಹೋಗಬಾರದು. ದಾರದ ಘರ್ಷಣೆ ಇದೆ, ಗಾಳಿಯ ತಡೆ ಇದೆ, ಬಲೂನಿನ ರಬ್ಬರಿನ ತೂಕ ತೀರ ಕಡಿಮೆ. ಅಂತರಿಕ್ಷದ ಲೆಕ್ಕ ವರಾಂಡದಲ್ಲಿ ಹಾಗೆಯೇ ಬರಬೇಕೆಂದಿಲ್ಲ. ಬಾರದಿದ್ದರೆ ಯಾಕೆ ಬರಲಿಲ್ಲ ಎಂದು ಕೇಳುವುದೇ ವಿಜ್ಞಾನ.

ಹಾರದಿದ್ದಾಗ

ನಮ್ಮ ಬೋಧನಾಭ್ಯಾಸದ ನಿಜವಾದ ಸಮಸ್ಯೆ ಇರುವುದು ಇಲ್ಲಿ. ಎರಡು ಹಂತದ ಬಲೂನು ಮೊದಲ ಯತ್ನದಲ್ಲಿ ಸಾಮಾನ್ಯವಾಗಿ ಕೈಕೊಡುತ್ತದೆ. ಬಳೆ ದೊಡ್ಡದಾದರೆ ಮುಂದಿನ ಬಲೂನಿನ ಬಾಯಿಯಿಂದ ಗಾಳಿ ಸೋರಿ, ಅದರ ಸರದಿ ಬರುವ ಮುಂಚೆಯೇ ಅದು ಖಾಲಿ. ಬಳೆ ಚಿಕ್ಕದಾದರೆ ಬಾಯಿ ಸಿಕ್ಕಿಹಾಕಿಕೊಂಡು ಎರಡೂ ಅಂಟಿಕೊಂಡೇ ನಿಲ್ಲುತ್ತವೆ. ದಾರ ಜೋಲು ಬಿದ್ದರೆ ನಡುವೆಯೇ ನಿಲ್ಲುತ್ತದೆ. ವೀಕ್ಷಕರು ಹಿಂದೆ ಕುಳಿತಿರುವಾಗ ಹೀಗಾದರೆ ಅಂಕ ಹೋಯಿತೆಂಬ ಭಯ ಪ್ರಶಿಕ್ಷಣಾರ್ಥಿಗೆ. ಆದ್ದರಿಂದ ಆತ ಎರಡರಲ್ಲಿ ಒಂದು ದಾರಿ ಹಿಡಿಯುತ್ತಾನೆ. ಕೋಣೆಯಲ್ಲಿ ಹತ್ತು ಸಲ ಅಭ್ಯಾಸ ಮಾಡಿ ತರಗತಿಯಲ್ಲಿ ತಾನೇ ಮಾಡಿ ತೋರಿಸುತ್ತಾನೆ, ಇಲ್ಲವೇ ಥರ್ಮೋಕೋಲಿನ ಮಾದರಿಗೆ ಶರಣಾಗುತ್ತಾನೆ. ಎರಡರಲ್ಲೂ ಮಕ್ಕಳ ಕೈಗೆ ಏನೂ ಸಿಗುವುದಿಲ್ಲ. ಎಡವಿ ಕಲಿಯುವ ಭಾಗವೆಲ್ಲ ಶಿಕ್ಷಕನ ಕೋಣೆಯಲ್ಲೇ ಮುಗಿದುಹೋಗಿರುತ್ತದೆ.

ನಮ್ಮ ದೇಶದ ರಾಕೆಟ್ಟುಗಳ ಇತಿಹಾಸವನ್ನಾದರೂ ನೋಡಬೇಕು. ನಾಲ್ಕು ಹಂತದ ಎಸ್‌ಎಲ್‌ವಿ-3 1979ರ ಆಗಸ್ಟ್ 10ರಂದು ವಿಫಲವಾಯಿತು. ಎರಡನೆಯ ಹಂತದ ನಿಯಂತ್ರಣ ವ್ಯವಸ್ಥೆ ಕೈಕೊಟ್ಟಿತ್ತು. 1980ರ ಜುಲೈ 18ರಂದು ಅದೇ ಮಾದರಿಯ ರಾಕೆಟ್ 35 ಕೆ.ಜಿ. ತೂಕದ ರೋಹಿಣಿ ಉಪಗ್ರಹವನ್ನು ಕಕ್ಷೆಗೆ ಸೇರಿಸಿತು. 17 ಟನ್ನಿನ ರಾಕೆಟ್ಟಿನಲ್ಲಿ ಕಕ್ಷೆ ಮುಟ್ಟಬೇಕಾದ ಉಪಗ್ರಹದ ತೂಕ 35 ಕೆ.ಜಿ. ಮಾತ್ರ ಎಂಬ ಅಂಕಿಯನ್ನು ಎರಡನೆಯ ಅವಧಿಯ ನಾಣ್ಯಗಳ ಜೊತೆ ಇಟ್ಟು ನೋಡಿದರೆ ಮಕ್ಕಳಿಗೆ ಅದರ ತೂಕ ಗೊತ್ತಾಗುತ್ತದೆ. ಪಿಎಸ್‌ಎಲ್‌ವಿಯ ಮೊದಲ ಹಾರಾಟವೂ 1993ರ ಸೆಪ್ಟೆಂಬರ್ 20ರಂದು ವಿಫಲವಾಯಿತು. ಎರಡನೆಯ ಮತ್ತು ಮೂರನೆಯ ಹಂತಗಳು ಬೇರ್ಪಡುವ ಹೊತ್ತಿನಲ್ಲಿ ತೊಂದರೆ ಆಗಿತ್ತು. 1994ರ ಅಕ್ಟೋಬರ್ 15ರಂದು ಅದು ಗೆದ್ದಿತು.

ಇನ್ನೂ ಹತ್ತಿರದ ಉದಾಹರಣೆ 2021ರ ಆಗಸ್ಟ್ 12ರ ಜಿಎಸ್‌ಎಲ್‌ವಿ-ಎಫ್10. ಮೊದಲ ಎರಡು ಹಂತಗಳು ಸರಿಯಾಗಿ ಕೆಲಸ ಮಾಡಿದವು. ಮೂರನೆಯ ಕ್ರಯೋಜೆನಿಕ್ ಹಂತ ಹೊತ್ತಿಕೊಳ್ಳಲೇ ಇಲ್ಲ. ಒಂದು ಕವಾಟದ ಸೋರಿಕೆಯಿಂದ ದ್ರವ ಹೈಡ್ರೋಜನ್ ಟ್ಯಾಂಕಿನ ಒತ್ತಡ ಕುಸಿದದ್ದು ಕಾರಣವೆಂದು ತನಿಖೆಯಲ್ಲಿ ಕಂಡುಬಂತು. ತನ್ನ ಸರದಿ ಬರುವ ಮುಂಚೆಯೇ ಸೋರಿಹೋದ ನಮ್ಮ ಮುಂದಿನ ಬಲೂನಿಗೂ ಇದಕ್ಕೂ ಇರುವ ಸಾಮ್ಯ ನೋಡಿ. ಬಳೆ ಸಡಿಲವಾಗಿ ಬಲೂನು ಸೋರಿದ ದಿನ ಈ ವಿಷಯ ಹೇಳಿದರೆ, ತಾವು ಮಾಡುತ್ತಿರುವುದು ಮಕ್ಕಳಾಟವಲ್ಲ ಎಂಬುದು ಸರ್ಕಾರಿ ಶಾಲೆಯ ಮಕ್ಕಳಿಗೂ ಮನದಟ್ಟಾಗುತ್ತದೆ. ಮೊದಲ ಯತ್ನಕ್ಕೇ ಹಾರಿದ್ದರೆ ಇದನ್ನು ಹೇಳುವ ಸಂದರ್ಭವೇ ಬರುತ್ತಿರಲಿಲ್ಲ.

ಆದ್ದರಿಂದ ವೀಕ್ಷಣಾ ನಮೂನೆಯಲ್ಲಿ ‘ಬೋಧನೋಪಕರಣಗಳ ಬಳಕೆ’ ಎಂಬ ಒಂದು ಅಂಕಣದ ಬದಲು ಇಂಥ ಪಾಠಗಳಿಗೆ ಮೂರು ಪ್ರಶ್ನೆಗಳಿರಲಿ. ಅಳತೆ ಮಾಡಿದವರು ಮಕ್ಕಳೋ, ಪ್ರಶಿಕ್ಷಣಾರ್ಥಿಯೋ? ಪ್ರಯೋಗ ಕೈಕೊಟ್ಟಾಗ ಪ್ರಶಿಕ್ಷಣಾರ್ಥಿ ಏನು ಕೇಳಿದರು? ಮುಂದಿನ ಯತ್ನದಲ್ಲಿ ಒಂದೇ ಒಂದು ಅಂಶವನ್ನು ಬದಲಿಸಿ ನೋಡಿದರೋ, ಎಲ್ಲವನ್ನೂ ಒಮ್ಮೆಲೇ ಬದಲಿಸಿದರೋ? ಎರಡನೆಯ ಬಲೂನು ಹಾರಿತೋ ಇಲ್ಲವೋ ಎಂಬುದಕ್ಕೆ ಅಂಕವೇ ಬೇಡ.

ಬೆಂಕಿ ಬೇಡ

ಬಲೂನಿನ ಮಾತು ಬಂದಾಗ ಉತ್ಸಾಹಿ ಪ್ರಶಿಕ್ಷಣಾರ್ಥಿಗಳು ಕೇಳುವ ಪ್ರಶ್ನೆ ಒಂದಿದೆ: ದೀಪಾವಳಿಯ ರಾಕೆಟ್ಟಿನ ಮದ್ದಿನಿಂದ ನಿಜವಾದ ರಾಕೆಟ್ ಮಾಡಬಾರದೇ? ಬಾರದು. ಹೊರದೇಶಗಳಲ್ಲಿ ಹವ್ಯಾಸಿಗಳು ರಟ್ಟಿನ ಕೊಳವೆಯ ಎರಡು ಹಂತದ ರಾಕೆಟ್ ಹಾರಿಸುವುದು ನಿಜ. ಆದರೆ ಅವರು ಕಾರ್ಖಾನೆಯಲ್ಲಿ ತಯಾರಾದ, ಪರೀಕ್ಷಿಸಿದ ಮೋಟಾರುಗಳನ್ನು ಬಳಸುತ್ತಾರೆ. ಕೆಳಗಿನ ಮೋಟಾರಿನ ಮದ್ದು ಮೇಲಿನ ತುದಿಯವರೆಗೆ ಉರಿದು ಮುಗಿದ ಕ್ಷಣ ಅದರ ಬಿಸಿ ಅನಿಲವೇ ಮೇಲಿನ ಮೋಟಾರನ್ನು ಹೊತ್ತಿಸುತ್ತದೆ. ಆ ಕ್ಷಣದಲ್ಲಿ ರಾಕೆಟ್ ಓರೆಯಾಗಿದ್ದರೆ ಎರಡನೆಯ ಹಂತ ಜನರ ಕಡೆಗೇ ನುಗ್ಗಬಹುದು. ಅದಕ್ಕೇ ಅಲ್ಲಿಯೂ ಹೊಸಬರಿಗೆ ಒಂದು ಹಂತದ ರಾಕೆಟ್ಟನ್ನು ಹಲವು ಸಲ ಹಾರಿಸಿ ಪಳಗಿದ ಮೇಲೆಯೇ ಎರಡು ಹಂತ. ನಮ್ಮಲ್ಲಿ 1884ರ ಸ್ಫೋಟಕ ಕಾಯ್ದೆ ಮತ್ತು 2008ರ ಸ್ಫೋಟಕ ನಿಯಮಗಳ ಪ್ರಕಾರ ಪರವಾನಗಿ ಇಲ್ಲದೆ ಮದ್ದು ತಯಾರಿಸುವುದು ಅಪರಾಧ. ಬೆಂಕಿಕಡ್ಡಿಯ ಮದ್ದು ಕೆರೆದು ತುಂಬುವುದೂ ಶಾಲೆಯ ಕೆಲಸವಲ್ಲ. ಮಗುವಿನ ಕಣ್ಣಿಗಿಂತ ದೊಡ್ಡ ಪಾಠ ಯಾವುದೂ ಇಲ್ಲ.

ಮದ್ದಿನ ರಾಕೆಟ್ಟಿನ ಕುತೂಹಲಕ್ಕೆ ಇತಿಹಾಸದಲ್ಲಿ ಉತ್ತರವಿದೆ. ಮೈಸೂರಿನ ಹೈದರ್, ಟಿಪ್ಪು ಕಾಲದ ಕಬ್ಬಿಣದ ಕೊಳವೆಯ ರಾಕೆಟ್ಟುಗಳನ್ನು ನೋಡಿಯೇ ಇಂಗ್ಲೆಂಡಿನ ಕಾಂಗ್ರೀವ್ ತನ್ನ ರಾಕೆಟ್ ರೂಪಿಸಿದ. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದ ಹಾಳುಬಾವಿಯಲ್ಲಿ ಅಂಥ ಸಾವಿರಕ್ಕೂ ಹೆಚ್ಚು ರಾಕೆಟ್ಟುಗಳು ಸಿಕ್ಕವು. ಅವೆಲ್ಲ ಒಂದೇ ಹಂತದವು. ಶತ್ರುವಿನ ಸೈನ್ಯದವರೆಗೆ ಹೋಗಲು ಒಂದು ಹಂತ ಸಾಕು, ಕಕ್ಷೆಗೆ ಸಾಲದು. ಹಂತದ ಪ್ರಶ್ನೆಯನ್ನು ಇಲ್ಲಿಂದಲೂ ಎತ್ತಿಕೊಳ್ಳಬಹುದು.

ಬಲೂನಿನ ಮುಂದಿನ ಮೆಟ್ಟಿಲು ಬೇಕೆನ್ನುವವರಿಗೆ ನೀರಿನ ರಾಕೆಟ್ ಇದೆ, ಅದೂ ಒಂದೇ ಹಂತದ್ದು. ತಂಪು ಪಾನೀಯದ ಗೀರಿಲ್ಲದ ಬಾಟಲಿ, ಒತ್ತಡ ತೋರಿಸುವ ಪಂಪು, ಬಯಲು, ಎಲ್ಲರಿಗೂ ದೂರ, ಒತ್ತಡ 40 ಪಿಎಸ್‌ಐ ದಾಟದಂತೆ ಎಚ್ಚರ. ಹಾರಿಸುವ ಮುಂಚೆ ರಾಕೆಟ್ಟಿನ ನಡುವಿಗೆ, ಅದು ಸಮತೂಕದಲ್ಲಿ ನಿಲ್ಲುವಲ್ಲಿ, ದಾರ ಕಟ್ಟಿ ತಲೆಯ ಸುತ್ತ ತಿರುಗಿಸಿ ನೋಡಬೇಕು. ಮೂತಿ ಮುಂದಾಗಿಯೇ ತಿರುಗಿದರೆ ಅದು ನೆಟ್ಟಗೆ ಹಾರುತ್ತದೆ. ಅಡ್ಡಾದಿಡ್ಡಿ ತಿರುಗಿದರೆ ಮೂತಿಗೆ ತೂಕ ಸೇರಿಸಬೇಕು, ಇಲ್ಲವೇ ರೆಕ್ಕೆ ದೊಡ್ಡದು ಮಾಡಬೇಕು. 1984ರಿಂದ ಇರುವ ಕಲಬುರಗಿಯ ಜಿಲ್ಲಾ ವಿಜ್ಞಾನ ಕೇಂದ್ರಕ್ಕೆ ಮಕ್ಕಳನ್ನು ಕರೆದೊಯ್ಯುವುದಾದರೆ ಈ ಅವಧಿಗಳು ಮುಗಿದ ಮೇಲೆ ಒಯ್ಯಿರಿ. ಕೇಳಲು ಪ್ರಶ್ನೆ ಇಟ್ಟುಕೊಂಡು ಹೋದ ಮಗು ಅಲ್ಲಿ ಹೆಚ್ಚು ನೋಡುತ್ತದೆ.

ಸಮಯ ಎಲ್ಲಿದೆ?

ಇದಕ್ಕೆ ಬರುವ ಆಕ್ಷೇಪಣೆ ನನಗೆ ಗೊತ್ತು. ಹಂತಗಳು ಪಠ್ಯದಲ್ಲಿ ಪ್ರತ್ಯೇಕವಾಗಿ ಇಲ್ಲ, ಪರೀಕ್ಷೆಗೆ ಬರುವುದಿಲ್ಲ, ಒಂದು ಅಧ್ಯಾಯಕ್ಕೆ ಇರುವ ಅವಧಿಗಳಲ್ಲಿ ನಾಲ್ಕನ್ನು ಇದಕ್ಕೆ ಕೊಟ್ಟರೆ ಶಾಲೆಯ ವಿಜ್ಞಾನ ಶಿಕ್ಷಕರಿಗೆ ಕಷ್ಟ. ಈ ಕಷ್ಟ ನಿಜವಾದುದು. ಆದರೆ ಈ ನಾಲ್ಕು ಅವಧಿಗಳಲ್ಲಿ ಮಕ್ಕಳು ಮೂರನೆಯ ನಿಯಮ, ರಾಶಿಗೂ ವೇಗೋತ್ಕರ್ಷಕ್ಕೂ ಇರುವ ಸಂಬಂಧ, ಘರ್ಷಣೆ, ಸರಾಸರಿ, ಕೋಷ್ಟಕ, ನಕ್ಷೆ ಇಷ್ಟನ್ನೂ ಕೈಯಾರೆ ಮಾಡುತ್ತಾರೆ. ಇವು ಪಠ್ಯದಲ್ಲೂ ಇವೆ, ಪರೀಕ್ಷೆಯಲ್ಲೂ ಇವೆ. ಬೇರೆ ಬೇರೆ ಅವಧಿಗಳಲ್ಲಿ ಬಾಯಿಪಾಠ ಮಾಡಿಸುವುದನ್ನು ಇಲ್ಲಿ ಒಟ್ಟಿಗೆ ಮಾಡಿಸಿದಂತಾಗುತ್ತದೆ.

ನಮ್ಮ ಕಡೆಯ ಸಮಯದ ಕೊರತೆ ಅಷ್ಟು ದೊಡ್ಡದಲ್ಲ. ಎನ್‌ಸಿಟಿಇಯ 2014ರ ನಿಯಮಾವಳಿ ಬಿ.ಇಡಿ.ಯ ಎರಡು ವರ್ಷಗಳಲ್ಲಿ ಶಾಲಾ ಅನುಭವಕ್ಕೆ ಇಟ್ಟಿರುವುದು 20 ವಾರ, ಅದರಲ್ಲಿ 16 ವಾರ ಇಂಟರ್ನ್‌ಶಿಪ್. ಒಬ್ಬ ಪ್ರಶಿಕ್ಷಣಾರ್ಥಿ ಅಷ್ಟು ದಿನ ಒಂದೇ ಶಾಲೆಯಲ್ಲಿದ್ದೂ ಬಿಡಿಬಿಡಿ ಪಾಠಗಳ ಲೆಕ್ಕವನ್ನೇ ತುಂಬಿಸುತ್ತಿದ್ದರೆ ಅದು ನಾವು ಹಾಕಿಕೊಟ್ಟ ಪದ್ಧತಿ. ಇಬ್ಬರು ವಿಜ್ಞಾನ ಪ್ರಶಿಕ್ಷಣಾರ್ಥಿಗಳು ಜೋಡಿಯಾಗಿ ಒಂದೇ ತರಗತಿಯಲ್ಲಿ ನಾಲ್ಕು ಸತತ ಅವಧಿ ತೆಗೆದುಕೊಳ್ಳಲಿ. ಒಬ್ಬರು ಪಾಠ ಮಾಡುವಾಗ ಇನ್ನೊಬ್ಬರು ಮಕ್ಕಳ ಮಾತುಗಳನ್ನು ಬರೆದುಕೊಳ್ಳಲಿ. ನಾಲ್ಕಕ್ಕೂ ಸೇರಿ ಒಂದೇ ಪಾಠ ಯೋಜನೆ, ಒಂದೇ ಮೌಲ್ಯಮಾಪನ ಇರಲಿ. ವೀಕ್ಷಕರು ಮೂರನೆಯ ಅವಧಿಗೆ, ಬಲೂನು ಕೈಕೊಡುವ ಅವಧಿಗೆ, ತಪ್ಪದೆ ಬರಲಿ.

ಇದಕ್ಕೆ ಹೊಸ ಅನುದಾನ ಬೇಕಿಲ್ಲ, ಸುತ್ತೋಲೆಯೂ ಬೇಕಿಲ್ಲ. ಮುಂದಿನ ಇಂಟರ್ನ್‌ಶಿಪ್ಪಿನ ವೇಳಾಪಟ್ಟಿ ಹಾಕುವಾಗ ಪ್ರತಿ ಶಾಲೆಯಲ್ಲಿ ಒಂದು ಜೋಡಿಗೆ ಈ ನಾಲ್ಕು ಅವಧಿಗಳನ್ನು ಬಿಟ್ಟುಕೊಡುವುದರಿಂದ ಆರಂಭಿಸೋಣ. ಅವರು ಬರೆದುಕೊಂಡು ತಂದ ಮಕ್ಕಳ ಕೋಷ್ಟಕಗಳನ್ನು, ಬಳೆ ಹರಿದ ದಿನದ ಟಿಪ್ಪಣಿಗಳ ಸಮೇತ, ಈ ಪತ್ರಿಕೆಯಲ್ಲೇ ಪ್ರಕಟಿಸೋಣ.